ಕಪ್ ಗೆದ್ದ ವರ್ಷವೇ ಇಲ್ಲದಾದ ತಂಡ

ಮಾಲ್ ಮೇಲೆ ಫುಟ್ಬಾಲ್ ಮ್ಯಾಚ್ ನೋಡಿಕೊಂಡು ಬಂದೆವು ಅಂತ ನನ್ನ ಮಗ ಪಕ್ಕದ ಮನೆಯ ಚಿಕಾಗೆ ಖುಷಿಯಿಂದ ಹೇಳಿದ. ಇಲ್ಲಿ ಸರ್ಬಿಯಾದಲ್ಲಿ ಹಿರಿಯ ಗಂಡಸರನ್ನು ಚಿಕಾ ಅಂತಲೇ ಕರೆಯುವುದು. ಯಾವಾಗಲೂ ಅವನ ಕೆನ್ನೆ ಹಿಂಡಿ ನಗುವ ಮನುಷ್ಯ ಅವತ್ತು ನಗಲಿಲ್ಲ.

"ಅವರು ನಮ್ಮ ಸೀಟಲ್ಲಿ ಕೂತು ದೊಡ್ಡವರಾದವರು" ಅಂದರು.

ಮಗನಿಗೆ ಗಾಬರಿ. ಟಿಕೆಟ್ ತೆಗೆದುಕೊಂಡೇ ಕೂತಿದ್ವಲ್ಲ ಅಪ್ಪ ಅಂತ ನನ್ನ ಮುಖ ನೋಡಿದ.

ಬೆಲ್‌ಗ್ರೇಡ್‌ನ ವೋಝ್ದೋವಾಟ್ಸ್ ತಂಡದ ಮೈದಾನ ಇರುವುದೇ ಒಂದು ಶಾಪಿಂಗ್ ಮಾಲ್‌ನ ತಾರಸಿಯಲ್ಲಿ. ಕೆಳಗೆ ಅಂಗಡಿಗಳು, ಮೇಲೆ ಗೋಲು. 2013ರಿಂದ ಹೀಗೆ. ಹೊರಗಿನಿಂದ ಬಂದವರೆಲ್ಲ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ಅಷ್ಟೇ. ಚಿಕಾ ಹೇಳಿದ ಸೀಟು ಮಾತ್ರ ಬೇರೆ.

ನಾವಿರುವ ಝೆಲೆಜ್ನಿಕ್ ಈಗ ಬೆಲ್‌ಗ್ರೇಡ್‌ನ ಹೊರವಲಯ. ಮೊದಲು ಹಳ್ಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಡುಗ ಹುಡುಗಿಯರ ಶ್ರಮದಾನದ ದಳಗಳು ಬಂದು ಇಲ್ಲಿ ದೊಡ್ಡ ಯಂತ್ರಗಳ ಕಾರ್ಖಾನೆ ಕಟ್ಟಿದವು. 1943ರಲ್ಲಿ ಸತ್ತ ಯುವ ಹೋರಾಟಗಾರ ಇವೊ ಲೋಲಾ ರಿಬಾರ್ ಹೆಸರನ್ನೇ ಅದಕ್ಕಿಟ್ಟರು. ಹಳ್ಳಿಯ ಫುಟ್ಬಾಲ್ ತಂಡ ಕಾರ್ಖಾನೆಗಿಂತಲೂ ಹಳೆಯದು, 1930ರದ್ದು. ಎಷ್ಟೋ ವರ್ಷ ಕೆಳಗಿನ ಲೀಗ್‌ಗಳಲ್ಲೇ ಇದ್ದದ್ದು 90ರ ದಶಕದಲ್ಲಿ ಮೇಲಕ್ಕೆ ಬಂತು.

2005ರಲ್ಲಿ ಈ ತಂಡ ಸರ್ಬಿಯಾ ಮತ್ತು ಮಾಂಟೆನಿಗ್ರೊ ಕಪ್‌ನ ಫೈನಲ್‌ಗೆ ಹೋಯಿತು. ಎದುರಿಗೆ ರೆಡ್ ಸ್ಟಾರ್. 1991ರಲ್ಲಿ ಯೂರೋಪಿಯನ್ ಕಪ್ಪನ್ನೇ ಗೆದ್ದ ಕ್ಲಬ್ ಅದು. ಝೆಲೆಜ್ನಿಕ್ 1-0ಯಿಂದ ಗೆದ್ದುಬಿಟ್ಟಿತು! ಆ ರಾತ್ರಿಯ ಕಥೆಯನ್ನು ಚಿಕಾ ನನಗೆ ಮೆಟ್ಟಿಲ ಮೇಲೆ ನಿಲ್ಲಿಸಿಯೇ ಹೇಳಿದರು. ನನ್ನ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಬಿಸಿಯಾಗುವಷ್ಟು ಹೊತ್ತು.

ಅದೇ ಬೇಸಿಗೆಯಲ್ಲಿ ತಂಡವನ್ನು ವೋಝ್ದೋವಾಟ್ಸ್ ಜೊತೆ ಸೇರಿಸಿದರು. ಉಳಿದದ್ದು ಅವರ ಹೆಸರು. ಮೇಲಿನ ಲೀಗಿನಲ್ಲಿ ಇವರಿಗಿದ್ದ ಜಾಗ ಅವರಿಗೆ ಹೋಯಿತು. ಆ ಜಾಗದಲ್ಲಿ ಆಡಿ ವೋಝ್ದೋವಾಟ್ಸ್ ಮೊದಲ ವರ್ಷವೇ ಮೂರನೇ ಸ್ಥಾನಕ್ಕೆ ಬಂತು. ಕಪ್ ಗೆದ್ದವರು ಯೂರೋಪಿನ ಟೂರ್ನಿಗೆ ಹೋಗಬೇಕಿತ್ತು, ಆದರೆ ಝೆಲೆಜ್ನಿಕ್ ಹೆಸರು ಆ ಪಂದ್ಯಗಳ ಪಟ್ಟಿಯಲ್ಲಿ ಬರಲೇ ಇಲ್ಲ. ಅಳಿಯನ ಮನೆಗೆ ಮಗಳ ಜೊತೆ ಹೊಲವನ್ನೂ ಬರೆದುಕೊಟ್ಟ ಹಾಗಾಯಿತು. ಮಾರನೇ ವರ್ಷ, 2006ರಲ್ಲಿ, ಮಾಂಟೆನಿಗ್ರೊ ಬೇರೆಯಾಯಿತು. ಕಪ್ಪಿನ ಮೇಲೆ ಯಾವ ದೇಶದ ಹೆಸರಿತ್ತೋ ಆ ದೇಶವೂ ಹೋಯಿತು.

"ಗೆದ್ದ ತಂಡವನ್ನು ಯಾಕೆ ಬಿಟ್ಟುಕೊಟ್ಟಿರಿ ಚಿಕಾ?"

"ಸೋತಿದ್ದರೆ ಯಾರು ಕೇಳುತ್ತಿದ್ದರು?"

ಇಷ್ಟಕ್ಕೇ ನಿಲ್ಲಲಿಲ್ಲ ನೋಡಿ. ಇಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಎಫ್‌ಎಂಪಿ 2004 ಮತ್ತು 2006ರಲ್ಲಿ, ಹಳೆಯ ಯುಗೊಸ್ಲಾವಿಯಾ ಕಡೆಯ ದೇಶಗಳ ತಂಡಗಳು ಆಡುವ ಏಡ್ರಿಯಾಟಿಕ್ ಲೀಗ್ ಗೆದ್ದಿತ್ತು. 2011ರಲ್ಲಿ ಅದನ್ನು ರೆಡ್ ಸ್ಟಾರ್ ಜೊತೆ ಸೇರಿಸಿದರು. ಈಗ ಅದೇ ಹೆಸರಿಟ್ಟುಕೊಂಡ ಇನ್ನೊಂದು ತಂಡ ಇದೆ. ಚಿಕಾ ಅದರ ಪಂದ್ಯಕ್ಕೆ ಹೋಗುತ್ತಾರೆ, ಚಪ್ಪಾಳೆ ಮಾತ್ರ ತಟ್ಟುವುದಿಲ್ಲವಂತೆ. ಈ ಹಟ ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಆದರೆ ಹಟ ಮಾಡುವುದಕ್ಕೂ ಏನಾದರೂ ಬೇಕಲ್ವಾ?

"ನಿಮ್ಮದು ಯಾವ ತಂಡ?" ಅಂತ ಅವರು ಕೇಳಿದಾಗ ಬೆಂಗಳೂರು ಎಫ್‌ಸಿ ಅಂದೆ. ಯಾವಾಗ ಹುಟ್ಟಿದ್ದು? 2013. "ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಫುಟ್ಬಾಲ್ ಇರಲಿಲ್ಲವಾ?"

ಇತ್ತು. ಐಟಿಐ, ಎಚ್‌ಎಎಲ್ ತಂಡಗಳಿದ್ದವು. ಎರಡೂ ರಾಷ್ಟ್ರೀಯ ಲೀಗ್ ಆಡಿದವು. ಹಲಸೂರು, ಆಸ್ಟಿನ್ ಟೌನ್ ಹುಡುಗರಿಗೆ ಕಾಲಲ್ಲಿ ಆಟ ಇದ್ದರೆ ಕಾರ್ಖಾನೆಯಲ್ಲಿ ಕೆಲಸ ಸಿಗುವ ಕಾಲವಿತ್ತು. ಆ ತಂಡಗಳು ಹಿಂದೆ ಸರಿದಾಗ ಯಾರೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ನಾವಾಗಲೇ ರಾತ್ರಿ ನಿದ್ದೆಗೆಟ್ಟು ಮ್ಯಾಂಚೆಸ್ಟರ್ ಪಂದ್ಯ ನೋಡುತ್ತಿದ್ದೆವು. 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಫುಟ್ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಎಷ್ಟು ಮನೆಗಳಲ್ಲಿ ಆ ಮಾತು ಬಂದಿತ್ತು ಹೇಳಿ? ಐಪಿಎಲ್ ಹತ್ತಿರ ಬಂದಿತ್ತು.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಸುಮ್ನೆ ಚಿಕಾ ವಿಷಯ ತೆಗೆದೆ. ಅವರ ಕಾರ್ಖಾನೆಯಲ್ಲೂ ತಂಡವಿತ್ತು. ಆಟಗಾರರು ಮಧ್ಯಾಹ್ನವೇ ಪ್ರಾಕ್ಟೀಸಿಗೆ ಹೋಗಿಬಿಡುತ್ತಿದ್ದರು, ಅವರ ಕೆಲಸ ನಾವು ಮಾಡಬೇಕಿತ್ತು ಅಂತ ಬೈದರು. ಬೈದು ಮುಗಿಸಿ, ಆ ಲೆಫ್ಟ್ ವಿಂಗ್ ಹುಡುಗ ಓಡಿದರೆ ಹಿಡಿಯುವವರೇ ಇರಲಿಲ್ಲ ಕಣೋ ಅಂದರು. ಅಲ್ಲಿಂದ ಹಳೆಯ ಮೈಸೂರು ರಾಜ್ಯದ ತಂಡಕ್ಕೆ ಹೋದರು, ಯಾರು ಯಾವ ಫ್ಯಾಕ್ಟರಿಯವರು, ಯಾರ ಮನೆ ಎಲ್ಲಿತ್ತು ಅಂತ. ಅಮ್ಮ ಹಿಂದಿನಿಂದ ಊಟಕ್ಕೆ ಕರೆಯುತ್ತಿದ್ದರು. ಅಪ್ಪ ಇನ್ನೂ ಹಾಫ್ ಟೈಮಿಗೆ ಬಂದಿರಲಿಲ್ಲ.