ಮಡಚುವ ಸೈಕಲ್‌ಗೆ ಜಿಪಿಎಸ್ ಕೂರಿಸೋದು

ಮಡಚುವ ಸೈಕಲ್‌ಗೆ ಜಿಪಿಎಸ್ ಹಾಕುವಾಗ, ಸೈಕಲ್ ಮಡಚಿದ ಮೇಲೆ ಅದು ಎಲ್ಲಿಗೆ ಬರುತ್ತೆ ಅಂತ ಮೊದಲು ನೋಡಬೇಕು. ಹ್ಯಾಂಡಲ್ ಕಂಬ ಕೆಳಗೆ ಬಾಗಿ ಚಕ್ರದ ಪಕ್ಕ ಬಂದು ಕೂರುತ್ತದೆ ಅಲ್ವಾ, ನಡುವೆ ಏನು ಸಿಕ್ಕರೂ ಅಪ್ಪಚ್ಚಿ. ಅದಕ್ಕೇ ನಾನು ಕ್ಲಾಂಪ್ ಬಿಗಿ ಮಾಡುವ ಮೊದಲು ಸೈಕಲನ್ನು ನಿಧಾನಕ್ಕೆ ಮಡಚಿ, ಎರಡು ಬೆರಳು ತೂರುವಷ್ಟು ಜಾಗ ಎಲ್ಲಿ ಉಳಿಯುತ್ತದೋ ಅಲ್ಲೇ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿಕೊಂಡೆ. ಕಾಲು ಸುತ್ತು ತಿರುಗಿಸಿದರೆ ಜಿಪಿಎಸ್ ಕಳಚಿ ಬರುವಂಥ ಮೌಂಟ್ (ಅದನ್ನು ಕೂರಿಸುವ ಹಿಡಿ) ತಗೊಳ್ಳಿ. ದಾವಣಗೆರೆ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗ ಸ್ಕ್ರೂಡ್ರೈವರ್ ಹುಡುಕೋಕಾಗಲ್ಲ. ಕ್ಲಾಂಪ್ ಸಡಿಲ ಅನ್ನಿಸಿದರೆ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬ್ ತುಂಡು ತಂದು ಒಳಗೆ ಸುತ್ತಿ, ಸಾಕು.

ಚಕ್ರಕ್ಕೆ ವೇಗ ಅಳೆಯುವ ಸೆನ್ಸರ್ ಹಾಕಿದರೆ ಇನ್ನೊಂದು ಕೆಲಸ ಇದೆ. 20 ಇಂಚಿನ ಚಕ್ರದ ಸುತ್ತಳತೆ ಸುಮಾರು 1.5 ಮೀಟರ್, ರೋಡ್ ಸೈಕಲ್‌ದು 2.1 ಮೀಟರ್ ಹತ್ತಿರ. ಜಿಪಿಎಸ್‌ನಲ್ಲಿ ದೊಡ್ಡ ಚಕ್ರದ ಲೆಕ್ಕ ಹಾಗೇ ಬಿಟ್ಟರೆ ವೇಗ ಸುಮ್ನೆ ಜಾಸ್ತಿ ತೋರಿಸುತ್ತದೆ. ನೋಡೋಕೆ ಖುಷಿಯೇನೋ ಆಗುತ್ತೆ! ಚಕ್ರವನ್ನು ನೆಲದ ಮೇಲೆ ಒಂದು ಪೂರ್ತಿ ಸುತ್ತು ಉರುಳಿಸಿ, ಟೇಪಿನಲ್ಲಿ ಅಳೆದು, ಆ ಅಳತೆ ಹಾಕಿ. ನೀವು ಮೇಲೆ ಕೂತಿರಬೇಕು, ಯಾಕಂದ್ರೆ ನಿಮ್ಮ ಭಾರಕ್ಕೆ ಟೈರ್ ಸ್ವಲ್ಪ ಕುಗ್ಗುತ್ತದೆ.

ಚಿತ್ರದುರ್ಗಕ್ಕೆ ಒಯ್ದರೆ ಚಂದ್ರವಳ್ಳಿಯ ಬಂಡೆಗಳ ಹತ್ತಿರ ಆನ್ ಮಾಡಬೇಡಿ. ಜಾಗ ಸರಿಯಾಗಿ ಹಿಡಿಯೋಕೆ ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಬೇಕು. ಬಂಡೆ ಅರ್ಧ ಆಕಾಶ ಮುಚ್ಚಿದರೆ ಅದು ಒದ್ದಾಡುತ್ತದೆ. ಬಯಲಲ್ಲೇ ಆನ್ ಮಾಡಿ, ಸಿಗ್ನಲ್ ಸಿಕ್ಕ ಮೇಲೆ ಹೊರಡಿ.