2000ರ ಜನವರಿ 1, ಬೆಳಗಿನ 5:30

"ಸರ್, ರಾತ್ರಿ ಕರೆಂಟ್ ಹೋಗಿ ಬಂದದ. ನಿಮ್ಮ ಮಷಿನ್ ಹಳೇ ತಾರೀಖು ತೋರಿಸ್ಲತ್ತದ. ಸಾವ್ಕಾರ್ರು ಕೇಳ್ಲತ್ತಾರ, ಏನ್ ಹೇಳ್ಲಿ?"

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಬೇಳೆ ಮಿಲ್‌ನಿಂದ ಮುನೀಮರ ಫೋನ್. ಅಲ್ಲಿನ ಡ್ರೈಯರ್‌ಗೆ ನಮ್ಮ ಲಾಗರ್ ಬೋರ್ಡ್ ಹಾಕಿದ್ದೇವೆ. ತೊಗರಿಗೆ ಎಣ್ಣೆ, ನೀರು ಹಿಡಿಸಿ ಒಣಗಿಸುವಾಗ ಯಾವ ಹೊತ್ತಿಗೆ ಎಷ್ಟು ಶಾಖ ಇತ್ತು ಅಂತ ಬರೆದಿಡುವುದು ಅದರ ಕೆಲಸ. ಹೊತ್ತೇ ತಪ್ಪಾದರೆ ಆ ರೀಡಿಂಗ್ ತಗೊಂಡು ಏನು ಮಾಡೋದು? ಇಡೀ ರಾತ್ರಿಯ ಲೆಕ್ಕ 2000ರ ಜನವರಿ 1ರ ಬೆಳಗಿನ 5:30ರಿಂದ ಶುರುವಾಗಿತ್ತು.

ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ಆರ್‌ಟಿಸಿಯ, ಅಂದರೆ ಕರೆಂಟ್ ಇಲ್ಲದಾಗಲೂ ಟೈಮ್ ಇಟ್ಟುಕೊಳ್ಳುವ ಗಡಿಯಾರ ಚಿಪ್‌ನ, ಸೆಲ್ ಸತ್ತಿದೆ, ಹೊಸದು ಹಾಕಿ ಬನ್ನಿ. ನನಗೆ ಒಪ್ಪಿಗೆ ಆಗಲಿಲ್ಲ. ಬೋರ್ಡ್‌ನಲ್ಲಿ ಓಡುವ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾರೂ ಟೈಮ್ ಕೊಡದಿದ್ದರೆ ಅದು 1970ರಿಂದ ಎಣಿಸುತ್ತೆ. ಇಲ್ಲಿ 2000 ಬಂದಿದೆ. ಅಂದರೆ ಯಾವುದೋ ಗಡಿಯಾರ ಆ ಟೈಮ್ ಕೊಟ್ಟಿದೆ. ಯಾವುದು ಅನ್ನೋದೇ ಪ್ರಶ್ನೆ.

ಮಿಲ್‌ಗೆ ಹೋಗಿ ಮೊದಲು ಸೆಲ್ ಅಳೆದೆ. ಮೂರು ವೋಲ್ಟ್, ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪ್‌ಗೆ ಸೀರಿಯಲ್ ಕನ್ಸೋಲ್ ಹಾಕಿ ಐಟೂಸಿ ಡಿಟೆಕ್ಟ್ ಓಡಿಸಿದೆ. ಐಟೂಸಿ ಅಂದರೆ ಬೋರ್ಡ್‌ನ ಚಿಪ್‌ಗಳು ಮಾತಾಡುವ ಎರಡು ತಂತಿಯ ಬಸ್. ಯಾವ ವಿಳಾಸದಲ್ಲಿ ಚಿಪ್ ಉತ್ತರ ಕೊಡುತ್ತೆ ಅಂತ ಈ ಕಮಾಂಡ್ ತೋರಿಸುತ್ತೆ. ಬಸ್ 2ರಲ್ಲಿ 68 ಅಂತ ಬಂತು, ಅದು ನಮ್ಮ ಆರ್‌ಟಿಸಿ ಚಿಪ್ ಡಿಎಸ್3231ರ ವಿಳಾಸ. ಅಲ್ಲಿ ಯುಯು ಬರಬೇಕಿತ್ತು. 68 ಅಂತ ಬಂದರೆ ಚಿಪ್ ಬದುಕಿದೆ, ಉತ್ತರ ಕೊಡುತ್ತಿದೆ, ಆದರೆ ಅದನ್ನು ಯಾವ ಡ್ರೈವರೂ, ಅಂದರೆ ಚಿಪ್ ಜೊತೆ ಮಾತಾಡುವ ಕರ್ನಲ್ ಭಾಗವೂ, ಹಿಡಿದುಕೊಂಡಿಲ್ಲ ಅಂತ ಅರ್ಥ.

ಕಾರಣ ಬೂಟ್ ಸ್ಕ್ರಿಪ್ಟ್‌ನಲ್ಲಿ ಸಿಕ್ಕಿತು. ಹಳೇ 3.8 ಕರ್ನಲ್ ಕಾಲದಲ್ಲಿ ಯಾರೋ ಬರೆದ ಒಂದು ಸಾಲು, ಡಿಎಸ್3231 ಹೆಸರು ಮತ್ತು 68ರ ವಿಳಾಸವನ್ನು ಬಸ್ 1ರ ನ್ಯೂ ಡಿವೈಸ್ ಫೈಲಿಗೆ ಎಕೋ ಮಾಡುತ್ತಿತ್ತು. ಅಂದರೆ ಇಲ್ಲಿ ಇಂಥ ಚಿಪ್ ಇದೆ ಅಂತ ಕರ್ನಲ್‌ಗೆ ಹೇಳುತ್ತಿತ್ತು. ಆ ಕರ್ನಲ್‌ನಲ್ಲಿ ಈ ಬಸ್ಸಿಗೆ 1 ಅಂತಲೇ ನಂಬರ್ ಇತ್ತು. ಹೊಸ ಕರ್ನಲ್‌ನಲ್ಲಿ ಅದೇ ಪಿನ್‌ಗಳ ಬಸ್ 2 ಆಗಿದೆ. ಎರರ್ ಬಂದರೂ ಕಾಣದ ಹಾಗೆ ಡೆವ್ ನಲ್‌ಗೆ ಕಳಿಸಿದ್ದರು. ಆಫೀಸಿನಲ್ಲಿ ನೆಟ್ ಇರುತ್ತೆ, ನೆಟ್‌ನಿಂದ ಟೈಮ್ ತರುವ ಎನ್‌ಟಿಪಿ ಬಂದು ಟೈಮ್ ಸರಿ ಮಾಡಿಬಿಡುತ್ತೆ, ಹಾಗಾಗಿ ಟೆಸ್ಟಿಂಗ್‌ನಲ್ಲಿ ಯಾರಿಗೂ ಇದು ಸಿಗಲಿಲ್ಲ. ಮಿಲ್ ಶೆಡ್‌ನಲ್ಲಿ ನೆಟ್ ಎಲ್ಲಿಂದ ಬರಬೇಕು?

ಅದೇ ಸಾಲನ್ನು ಕೈಯಿಂದ ಬಸ್ 2ಕ್ಕೆ ಕೊಟ್ಟೆ. 68 ಹೋಗಿ ಯುಯು ಬಂತು. ಗಡಿಯಾರ ಓದಿದರೆ ನನ್ನ ಮೊಬೈಲ್‌ಗೂ ಅದಕ್ಕೂ ಕೆಲವೇ ಸೆಕೆಂಡ್ ವ್ಯತ್ಯಾಸ. ರಾತ್ರಿಯಿಡೀ ಅದು ಸರಿಯಾದ ಟೈಮ್ ಇಟ್ಟುಕೊಂಡೇ ಕೂತಿತ್ತು. ಕೇಳುವವರು ಇರಲಿಲ್ಲ, ಅಷ್ಟೇ. ಕಲಬುರಗಿ ಬಿಸಿಲಿಗೂ ವರ್ಷಕ್ಕೆ ಎರಡು ನಿಮಿಷದೊಳಗೇ ಹೆಚ್ಚುಕಡಿಮೆ ಆಗುವ ಚಿಪ್ ಇದು. ಒಳ್ಳೆಯ ದುಡ್ಡು ಕೊಟ್ಟು ಹಾಕಿದ್ದೇವೆ.

"1 ಇರೋ ಕಡೆ 2 ಮಾಡಿ ಬಂದುಬಿಡಿ" ಅಂತ ಮ್ಯಾನೇಜರ್ ಫೋನ್‌ನಲ್ಲಿ ಹೇಳಿದರು. ಒಂದು ಅಕ್ಷರದ ಕೆಲಸ, ನಿಜ. ಆದರೆ ಮುಂದಿನ ಕರ್ನಲ್‌ಗೆ ಮತ್ತೆ ಇದೇ ಪಾಡು. ಅಲ್ಲದೆ ಸ್ಕ್ರಿಪ್ಟ್ ಓಡುವ ಹೊತ್ತಿಗೆ ಲಾಗರ್ ಆಗಲೇ ಶುರುವಾಗಿರುತ್ತೆ, ಮೊದಲ ರೀಡಿಂಗ್‌ಗಳು ಹೇಗಿದ್ದರೂ ಕೆಡುತ್ತವೆ.

ಯುಎಸ್‌ಬಿ, ಪಿಸಿಐ ಸಾಧನಗಳಿಗೆ ವೆಂಡರ್ ಐಡಿ, ಡಿವೈಸ್ ಐಡಿ ಇರುತ್ತೆ. ಕೇಳಿದರೆ ತಾವು ಯಾರು ಅಂತ ಹೇಳುತ್ತವೆ. ಐಟೂಸಿಯಲ್ಲಿ ಸಾಮಾನ್ಯವಾಗಿ ಆ ಪದ್ಧತಿ ಇಲ್ಲ. 68ರಲ್ಲಿ ಡಿಎಸ್3231 ಇರಬಹುದು, ಡಿಎಸ್1307 ಇರಬಹುದು, ಎಂಪಿಯು6050 ಮೋಷನ್ ಸೆನ್ಸರ್ ಕೂಡ ಇರಬಹುದು. ಸುಮ್ನೆ ಓದಿ ನೋಡೋಣ ಅಂದರೆ ಕೆಲವು ಚಿಪ್‌ಗಳು ಅಷ್ಟಕ್ಕೇ ಎಡವಟ್ಟಾಗುತ್ತವೆ. ಹಾಗಾಗಿ ಕರ್ನಲ್ ಊಹೆ ಮಾಡುವುದಿಲ್ಲ. ಬೋರ್ಡ್ ಮಾಡಿದವರು ಹೇಳಬೇಕು. ಹೇಳುವ ಜಾಗ ಡಿವೈಸ್ ಟ್ರೀ, ಬೋರ್ಡ್‌ನಲ್ಲಿ ಯಾವ ಚಿಪ್ ಎಲ್ಲಿದೆ ಅನ್ನುವ ಪಟ್ಟಿ.

ಲ್ಯಾಪ್‌ಟಾಪ್ ತೊಗರಿ ಚೀಲದ ಮೇಲಿಟ್ಟು ಆ ಟ್ರೀಯ ಸೋರ್ಸ್ ಫೈಲ್ ಡಿಟಿಎಸ್ ತೆಗೆದೆ. ಐಟೂಸಿ2ರ ಕೆಳಗೆ ಒಂದು ನೋಡ್ (ಒಂದು ಚಿಪ್‌ನ ವಿವರ) ಬರೆದೆ: ಕಂಪ್ಯಾಟಿಬಲ್‌ನಲ್ಲಿ ಮ್ಯಾಕ್ಸಿಮ್ ಡಿಎಸ್3231, ರೆಗ್‌ನಲ್ಲಿ 68. ನಮ್ಮ ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಬೋರ್ಡ್‌ನ ಸರ್ಕ್ಯೂಟ್ ನಕ್ಷೆಯಲ್ಲಿ, ಇದೇ ವಿಳಾಸ ಡಿ0 ಅಂತ ಇದೆ. ಅದು ಓದು-ಬರೆ ಬಿಟ್ ಸೇರಿಸಿದ 8 ಬಿಟ್ ಲೆಕ್ಕ. ಲಿನಕ್ಸ್‌ಗೆ ಬೇಕಾದದ್ದು 7 ಬಿಟ್. ಡ್ರೈವರ್ ಹೆಸರು ಡಿಎಸ್1307 ಅಂತಿದ್ದರೂ ಅದೇ ಇದಕ್ಕೂ ಆಗುತ್ತೆ. ಅದನ್ನು ಮಾಡ್ಯೂಲ್ ಮಾಡದೆ ಕರ್ನಲ್ ಒಳಗೇ ಸೇರಿಸಿದ್ದರು, ಪುಣ್ಯ. ಡಿಟಿಎಸ್‌ನಿಂದ ಕರ್ನಲ್ ಓದುವ ಡಿಟಿಬಿ ಕಂಪೈಲ್ ಮಾಡಿ ಎಸ್‌ಡಿ ಕಾರ್ಡ್‌ಗೆ ಹಾಕಿದೆ.

ಅಷ್ಟರಲ್ಲಿ ಸಾವ್ಕಾರ್ರೂ ಬಂದು ಹಿಂದೆ ನಿಂತಿದ್ದರು. ಡ್ರೈಯರ್ ನಿಂತಿತ್ತು, ಹಮಾಲರು ಕಾಯುತ್ತಿದ್ದರು. ಎಂಸಿಬಿ ಕೆಳಗೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆ ಮಾಡಿದೆ. ಕನ್ಸೋಲ್‌ನಲ್ಲಿ ಸಾಲುಗಳು ಓಡಿದವು. ಡಿಎಸ್1307 ರಿಜಿಸ್ಟರ್ ಆಯಿತು. ಟೈಮ್ ನೋಡಿದರೆ ಮತ್ತೆ 2000.

"ಇನ್ನೂ ಎಷ್ಟೊತ್ತು ಆಗ್ತದ್ರಿ?" ಅಂತ ಸಾವ್ಕಾರ್ರು ಕೇಳಿದರು. ಉತ್ತರ ಕೊಡದೆ ಲಾಗ್ ಮೇಲಕ್ಕೆ ಎಳೆದೆ. ಸಿಸ್ಟಂ ಕ್ಲಾಕ್ ಸೆಟ್ ಮಾಡುತ್ತಿದ್ದೇನೆ ಅನ್ನುವ ಸಾಲಿನ ಮುಂದೆ ಒಮ್ಯಾಪ್ ಆರ್‌ಟಿಸಿ ಅಂತ ಇತ್ತು. ನಮ್ಮ ಎಎಂ335ಎಕ್ಸ್ ಪ್ರೊಸೆಸರ್ ಒಳಗೇ ಒಂದು ಗಡಿಯಾರ ಇದೆ. ಅದಕ್ಕೆ ನಮ್ಮ ಬೋರ್ಡ್‌ನಲ್ಲಿ ಬ್ಯಾಟರಿ ಕೊಟ್ಟಿಲ್ಲ. ಕರೆಂಟ್ ಹೋದರೆ ಅದು 2000ರ ಮೊದಲ ದಿನಕ್ಕೆ ಹೋಗಿ ಕೂರುತ್ತೆ. ಅದು ಆರ್‌ಟಿಸಿ0 ಆಗಿತ್ತು, ನಮ್ಮ ಡಿಎಸ್3231 ಆರ್‌ಟಿಸಿ1. ಕರ್ನಲ್ ಬೂಟ್‌ನಲ್ಲಿ ನಂಬುವುದು ಆರ್‌ಟಿಸಿ0 ಅನ್ನು. ಯುಟಿಸಿ ಅನ್ನುವ ಜಾಗತಿಕ ಸಮಯದ ನಡುರಾತ್ರಿ ನಮಗೆ ಬೆಳಗಿನ 5:30, ಅದೂ ಕೂಡಿ ಬಂತು.

ಡಿಟಿಎಸ್‌ನಲ್ಲಿ ಯಾವುದಕ್ಕೆ ಯಾವ ನಂಬರ್ ಅಂತ ಹೇಳುವ ಏಲಿಯಾಸಸ್‌ನಲ್ಲಿ ಎರಡು ಸಾಲು ಸೇರಿಸಿದೆ: ಆರ್‌ಟಿಸಿ0 ಅಂದರೆ ಡಿಎಸ್3231, ಆರ್‌ಟಿಸಿ1 ಅಂದರೆ ಒಳಗಿನದು. ಮತ್ತೆ ಎಂಸಿಬಿ ಕೆಳಗೆ, ಮೇಲೆ. ಈ ಸಲ ಆ ಸಾಲಿನ ಮುಂದೆ ಡಿಎಸ್1307, 2-0068 ಅಂತ ಬಂತು, ಅಂದರೆ ಬಸ್ 2ರ 68. ತಾರೀಖು ಇವತ್ತಿನದು. ಲಾಗರ್ ಶುರುವಾಗುವ ಮೊದಲೇ ಟೈಮ್ ಸರಿಯಾಗಿತ್ತು. ಮುನೀಮರನ್ನು ಕರೆದು ತೋರಿಸಿದೆ, ಸಾವ್ಕಾರ್ರು ಡ್ರೈಯರ್ ಹಾಕಿಸಿದರು.

ಹಾರ್ಡ್‌ವೇರ್ ಟೀಮಿನವರು ಸ್ಕೀಮ್ಯಾಟಿಕ್ ಪಿಡಿಎಫ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದು ಡಿಟಿಎಸ್ ಬರೆಯುವವರ ಕೈಗೆ ಬರುವುದೇ ಇಲ್ಲ. ಬೋರ್ಡ್‌ಗೆ ಒಂದು ಚಿಪ್ ಸೇರಿದ ದಿನವೇ ಅದರ ನೋಡ್ ಕೂಡ ಸೇರಬೇಕು, ಅದಿಲ್ಲದೆ ರಿಲೀಸ್ ಬೇಡ ಅಂತ ನಾನು ಮೀಟಿಂಗ್‌ನಲ್ಲಿ ಹೇಳುತ್ತಲೇ ಇದ್ದೇನೆ. ಡಿಟಿಬಿ ಬದಲಿಸಬೇಕು ಅಂದರೆ ಹೊಸ ಇಮೇಜ್, ಹೊಸ ಅಪ್ರೂವಲ್ ಬೇಕು. ಸ್ಕ್ರಿಪ್ಟ್ ಆದರೆ ಯಾರು ಬೇಕಾದರೂ ಕಾಪಿ ಮಾಡಿ ಬರಬಹುದು. ಅದಕ್ಕೇ ಎಲ್ಲರಿಗೂ ಸ್ಕ್ರಿಪ್ಟ್ ಮೇಲೇ ಪ್ರೀತಿ ಜಾಸ್ತಿ. ಉಳಿದ ಮಿಲ್‌ಗಳ ಬೋರ್ಡ್‌ಗಳಲ್ಲಿ ಇನ್ನೂ ಆ ಹಳೇ ಸಾಲೇ ಇದೆ. ಹೊಸ ತೊಗರಿ ಮಾರ್ಕೆಟ್‌ಗೆ ಬರುವ ಮೊದಲು ಬದಲಿಸೋಣ ಅಂತ ನಾನು, ಸೀಸನ್ ಮುಗಿದ ಮೇಲೆ ನೋಡೋಣ ಅಂತ ಆಫೀಸಿನವರು.

ನಿಮ್ಮ ಹತ್ತಿರ ಇಂಥ ಬೋರ್ಡ್ ಇದ್ದರೆ ನೆಟ್ ಕೇಬಲ್ ತೆಗೆದು, ಪವರ್ ಪೂರ್ತಿ ಕಿತ್ತು, ಮತ್ತೆ ಹಾಕಿ ನೋಡಿ. ಕರ್ನಲ್ ಲಾಗ್‌ನಲ್ಲಿ ಸಿಸ್ಟಂ ಕ್ಲಾಕ್ ಸೆಟ್ ಆದ ಸಾಲಿನ ಮುಂದೆ ಯಾರ ಹೆಸರಿದೆ ಅಂತ ಓದಿ.