ಬಾಗಿಲಿಗೆ ಕಟ್ಟಿದ ಬೇವು

“ಮನೆಗೆ ತಾಯಿ ಬಂದಿದ್ದಾಳೆ. ಬಾಗಿಲು ಹಾಕು ಎನ್ನುತ್ತೀಯೇನವ್ವಾ?”

ದೊಡ್ಡವ್ವ ಆಶಾ ಕಾರ್ಯಕರ್ತೆಗೆ ಕೇಳಿದ ಮಾತಿದು. ಬ್ಯಾಡಗಿ ಹತ್ತಿರದ ಊರಿನಿಂದ ಹುಬ್ಬಳ್ಳಿಗೆ ಮರಳಿ ನಾಲ್ಕು ದಿನವಾಯಿತು, ಇನ್ನೂ ಕಿವಿಯಲ್ಲೇ ಇದೆ.

ಅಣ್ಣನ ಐದು ವರ್ಷದ ಮೊಮ್ಮಗಳಿಗೆ ಮಂಗಳವಾರ ಗೊಬ್ಬರ ಎದ್ದಿತ್ತು. ಪೇಟೆಯವರು ದಡಾರ ಎನ್ನುವುದು ಇದನ್ನೇ. ನಾನು ಶುಕ್ರವಾರ ಹೋದಾಗ ಮನೆಯಲ್ಲಿ ಒಗ್ಗರಣೆ ನಿಂತಿತ್ತು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ತಾಯಿಯನ್ನು ತಂಪು ಮಾಡಲು ಓಣಿಯ ಹೆಂಗಸರು ಮೊಸರನ್ನ ತಂದಿದ್ದರು. ಎಡೆಯ ಅನ್ನ ಉಣ್ಣಲು ಹತ್ತು ಹನ್ನೆರಡು ಮಕ್ಕಳು ಸಾಲಾಗಿ ಕುಳಿತಿದ್ದವು. ಮೂಲೆಯ ಚಾಪೆಯ ಮೇಲೆ ಹುಡುಗಿ ಕೆಮ್ಮುತ್ತಿದ್ದಳು.

ಆಶಾ ಕಾರ್ಯಕರ್ತೆ ಹೊಸ್ತಿಲಲ್ಲೇ ನಿಂತು, ಮಕ್ಕಳನ್ನು ಎಬ್ಬಿಸಿ ಕಳಿಸಿ, ಸ್ವಲ್ಪ ದಿನ ಯಾರನ್ನೂ ಒಳಗೆ ಬಿಡಬೇಡಿ ಎಂದಳು. ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ ಇದು ಹರಡುತ್ತದೆ, ರೋಗಿ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಕೋಣೆಯ ಗಾಳಿಯಲ್ಲಿ ಉಳಿದಿರಬಹುದು ಎಂದು ಬಿಡಿಸಿ ಹೇಳಿದಳು. ಆಗ ಬಂದದ್ದು ದೊಡ್ಡವ್ವನ ಆ ಮಾತು. ಹೆಂಗಸರೆಲ್ಲ ತಲೆದೂಗಿದರು. ನಾನು ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು.

ಹುಬ್ಬಳ್ಳಿಯಲ್ಲಿರುವ ಅಣ್ಣನ ಮಗ ಹಿಂದಿನ ರಾತ್ರಿ ಫೋನಿನಲ್ಲಿ “ಇದೆಲ್ಲ ಮೂಢನಂಬಿಕೆ” ಎಂದು ಕೂಗಾಡಿದ್ದನಂತೆ. ಓದಿದವನು, ಒಳ್ಳೆಯವನು, ಆದರೆ ಮಾತು ಆಡಲು ಬಾರದವನು. ಅವನು ಕೂಗಾಡಿದ ಮೇಲೆ ದೊಡ್ಡವ್ವನ ಹಟ ಇನ್ನಷ್ಟು ಬಿಗಿಯಿತು. ಆಶಾ ಕಾರ್ಯಕರ್ತೆ ಹಾಗೆ ಮಾಡಲಿಲ್ಲ. ಬಾಗಿಲ ಬೇವನ್ನು ಮುಟ್ಟಿ ಹೇಳಿದಳು: “ಬಾಗಿಲು ಹಾಕುವುದು ಬೇಡ ಅಜ್ಜಿ. ನೀವು ಸಣ್ಣವರಿದ್ದಾಗ ಇದನ್ನು ಕಟ್ಟಿದ ಮನೆಯೊಳಗೆ ಯಾರಾದರೂ ಬರುತ್ತಿದ್ದರೇ?”

ದೊಡ್ಡವ್ವ ಸುಮ್ಮನಾದಳು.

ಬರುತ್ತಿರಲಿಲ್ಲ. ಬೇವು ಕಂಡರೆ ನೆಂಟರು ಅಂಗಳದಿಂದಲೇ ಮಾತನಾಡಿಸಿ ತಿರುಗುತ್ತಿದ್ದರು ಎಂದು ನಮಗೆ ಹೇಳುತ್ತಿದ್ದವಳೇ ದೊಡ್ಡವ್ವ. ದೂರ ಇರುವುದು ನಮ್ಮ ಜನಕ್ಕೆ ಹೊಸ ವಿದ್ಯೆಯಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಂಡಿದ ಕಾಲದಲ್ಲಿ, ಇಲಿ ಬಿದ್ದವೆಂದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಬುದ್ಧಿ ಎಲ್ಲಿ ಹೋಯಿತು? ಬೇವು ಉಳಿದಿದೆ, ಅದು ಹೇಳುತ್ತಿದ್ದ ಮಾತನ್ನು ಮರೆತಿದ್ದೇವೆ. ಬೇಡ ಎನ್ನುವವರ ಬಾಯಲ್ಲಿ ಕೇಳುವುದು ಬರೀ ಬೈಗುಳ. ಬಾಗಿಲು ಹಾಕುವುದೆಂದರೆ ದೊಡ್ಡವ್ವನಿಗೆ ತಾಯಿಯನ್ನು ಅವಮಾನಿಸಿದಂತೆ, ನೆರೆಯವರ ಪ್ರೀತಿಯನ್ನು ತಿರಸ್ಕರಿಸಿದಂತೆ. ಅವಳು ಕಾಯುತ್ತಿದ್ದದ್ದು ಮನೆಯ ಮರ್ಯಾದೆಯನ್ನು. ಅದನ್ನು ಅರ್ಥ ಮಾಡಿಕೊಳ್ಳದೆ ಎಷ್ಟು ಕರಪತ್ರ ಹಂಚಿದರೂ ಅವು ಆ ಹೊಸ್ತಿಲು ದಾಟುವುದಿಲ್ಲ.

ಲಸಿಕೆಗಳನ್ನು ಬರೆದಿಡುವ ಹುಡುಗಿಯ ‘ತಾಯಿ ಕಾರ್ಡ್’ ತೆಗೆಸಿ ನೋಡಿದರೆ ಒಂಬತ್ತು ತಿಂಗಳಿನ ಲಸಿಕೆಯಿದೆ, ಎರಡನೆಯದಿಲ್ಲ. ಲಸಿಕೆಯ ದಿನವೇ ಊರಲ್ಲಿ ಜಾತ್ರೆ, ಮನೆ ತುಂಬ ಬೀಗರು. ಆಮೇಲೆ ಮರೆತೇ ಹೋಯಿತಂತೆ. ಶನಿವಾರ ಆರೋಗ್ಯ ಕೇಂದ್ರದಿಂದ ನರ್ಸ್ ಬಂದು ವಿಟಮಿನ್ ‘ಎ’ ಕುಡಿಸಿದರು, ಓಣಿಯ ಮಕ್ಕಳ ಕಾರ್ಡುಗಳನ್ನೆಲ್ಲ ನೋಡಿದರು. ಹುಡುಗಿ ಈಗ ಗಂಜಿ ಕುಡಿಯುತ್ತಿದ್ದಾಳೆ.

ನನ್ನ ಜೀವ ಹಿಡಿದಿರುವುದು ಪಕ್ಕದ ಮನೆಯ ಏಳು ತಿಂಗಳ ಕೂಸಿಗಾಗಿ. ಲಸಿಕೆಯ ವಯಸ್ಸಿಗೆ ಇನ್ನೂ ಎರಡು ತಿಂಗಳಿದೆ. ಬುಧವಾರ ಅದರ ಅವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡೇ ಮೊಸರು ಕೊಟ್ಟು ಹೋಗಿದ್ದಳು. ಸೋಂಕು ತಗಲಿದ್ದರೆ ಜ್ವರ ಕಾಣಿಸಲು ಹತ್ತು ದಿನ ಬೇಕು, ದದ್ದು ಏಳಲು ಎರಡು ವಾರ. ಇಂದಿಗೆ ಆರು ದಿನ.

ಅಣ್ಣ ಬೆಳಿಗ್ಗೆ ಫೋನ್ ಮಾಡಿದ್ದ. ದೊಡ್ಡವ್ವ ದಿನವೂ ಆ ಮನೆಯ ಅಂಗಳದ ಆಚೆ ನಿಂತು “ಕೂಸಿನ ಮೈ ಬಿಸಿ ಇದೆಯೇನವ್ವಾ?” ಎಂದು ಕೇಳಿ, ಅಲ್ಲಿಂದಲೇ ತಿರುಗಿ ಬರುತ್ತಾಳಂತೆ.